ಬಾಲ್ಯದ ಮಧುಮೇಹವೂ ಅದನ್ನು ಮುಂದೂಡುವ ಚಿಕಿತ್ಸೆಯೂ



ಮಧುಮೇಹವೆಂದೊಡನೆ ನಡುವಯಸ್ಸನ್ನು ದಾಟಿದ ಸ್ಥೂಲಶರೀರಿಯೊಬ್ಬನ ಚಿತ್ರವು ಜನರ ಕಣ್ಣಮುಂದೆ ನಿಲ್ಲುವುದು. ಆದರೆ ಎಂಟು ಹತ್ತು ವರ್ಷದ, ಮೈಯಲ್ಲಿ ಕೊಬ್ಬಿಲ್ಲದ ಮಗುವಿಗೂ ಈ ವ್ಯಾಧಿಯು ಬರುವುದುಂಟು. ಸುಶ್ರುತಾಚಾರ್ಯರು ಪ್ರಮೇಹವನ್ನು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡಾಗಿ ವಿಂಗಡಿಸಿ, ಮೊದಲನೆಯ ಬಗೆಯ ರೋಗಿಯು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳಿರುವರು. ಇದನ್ನೇ ಹಿಡಿದು, ಇಂದಿನ ವೈದ್ಯಶಾಸ್ತ್ರವು ಹೇಳುವುದೆಲ್ಲವೂ ಪ್ರಾಚೀನರಿಗೆ ತಿಳಿದಿದ್ದಿತೆಂದು ಬೀಗುವುದು ಯುಕ್ತವಲ್ಲ. ಅವರು ಹೊರಗೆ ಕಾಣುವ ಭೇದವನ್ನು ಸರಿಯಾಗಿ ಕಂಡರು. ಒಳಗಣ ಕಾರಣವು ತಿಳಿದುಬಂದುದು ತೀರ ಈಚೆಗೆ.

ಆ ಕಾರಣವಾದರೂ ವಿಚಿತ್ರವಾದುದು. ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿರುವ ಜೀವಕಣಗಳ ಗುಂಪುಗಳನ್ನು ಪೌಲ್ ಲಾಂಗರ್‌ಹಾನ್ಸ್ ಎಂಬವರು 1869ರಲ್ಲಿ ವರ್ಣಿಸಿದರು. ಅಲ್ಲಿಯ ಬೀಟಾ ಕಣಗಳು ಇನ್ಸುಲಿನ್ ಎಂಬ ದ್ರವ್ಯವನ್ನು ಸ್ರವಿಸುವುದರಿಂದಲೇ ಅನ್ನದ ಸಕ್ಕರೆಯು ದೇಹಕ್ಕೆ ಒದಗುವುದು. ಹೊರಗಿನ ರೋಗಾಣುಗಳನ್ನು ಕೊಲ್ಲುವುದಕ್ಕಾಗಿ ರಕ್ತದಲ್ಲಿ ಸಂಚರಿಸುವ ಟಿ-ಕಣಗಳೆಂಬ ಕಾವಲುಗಾರರು ಕೆಲವು ಮಕ್ಕಳಲ್ಲಿ ಸ್ವಕೀಯವಾದ ಈ ಬೀಟಾ ಕಣಗಳನ್ನೇ ಶತ್ರುಗಳೆಂದು ಭ್ರಮಿಸಿ ನಾಶಮಾಡತೊಡಗುವುವು. ಮಗುವಿಗೆ ಸಿಹಿಯನ್ನು ತಿನ್ನಿಸಿದುದೇ ಕಾರಣವೆಂದು ಹೆತ್ತ ತಾಯಿಯನ್ನು ಆಡಿಕೊಳ್ಳುವವರು ಊರೂರಲ್ಲಿಯೂ ಇರುವರು. ಅದು ಅಜ್ಞಾನದ ಮಾತು. ನೊಂದವಳನ್ನು ಮತ್ತೆ ನೋಯಿಸುವ ಮಾತು.

1922ನೆಯ ಇಸವಿಗೆ ಮುಂಚೆ ಇಂತಹ ಮಗುವಿಗೆ ಮರಣವೊಂದೇ ಗತಿಯಾಗಿದ್ದಿತು. ಆ ವರ್ಷದ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಇನ್ಸುಲಿನ್ನನ್ನು ಚುಚ್ಚಿದರು. ಮೊದಲ ಸಲ ಗುಣ ಕಾಣಲಿಲ್ಲ; ಕಾಲಿಪ್ ಎಂಬವರು ಶುದ್ಧಿಮಾಡಿದ ಔಷಧವನ್ನು ಎರಡನೆಯ ಸಲ ಕೊಟ್ಟ ಮೇಲೆ ಬಾಲಕನು ಚೇತರಿಸಿಕೊಂಡು, ಮುಂದೆ ಹದಿಮೂರು ವರ್ಷ ಬದುಕಿದನು. ಇನ್ಸುಲಿನ್ ಪ್ರಾಣವನ್ನು ಉಳಿಸಿತು, ಆದರೆ ರೋಗವನ್ನು ಕೀಳಲಿಲ್ಲ. ದಿನಕ್ಕೆ ಹಲವು ಬಾರಿ ಸೂಜಿ, ರಾತ್ರಿ ಸಕ್ಕರೆಯು ತೀರ ಇಳಿದೀತೆಂಬ ತಾಯಿತಂದೆಗಳ ಭಯ, ಇವು ಜೀವಾವಧಿಯವಾಗಿ ಉಳಿದುವು.

ಹಾಗಾದರೆ ಬೀಟಾ ಕಣಗಳು ಪೂರ್ತಿಯಾಗಿ ಅಳಿಯುವ ಮೊದಲೇ ಕಾವಲುಗಾರರನ್ನು ತಡೆಯಲಾಗದೆ? ಈ ಪ್ರಶ್ನೆಗೆ ಅವಕಾಶವಾದುದು 1974ರಲ್ಲಿ. ಲಂಡನ್ನಿನ ಸಂಶೋಧಕರು ಇಂತಹ ರೋಗಿಗಳ ರಕ್ತದಲ್ಲಿ ಆ ದ್ವೀಪಗಳಿಗೆ ವಿರೋಧಿಯಾದ ಪ್ರತಿಕಾಯಗಳನ್ನು ಕಂಡರು. ಇವು ರೋಗವು ಹೊರಬೀಳುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ತಲೆದೋರುತ್ತವೆಂದು ಕ್ರಮೇಣ ತಿಳಿಯಿತು. ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳುಳ್ಳ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಹತ್ತು ವರ್ಷಗಳೊಳಗೆ ರೋಗವು ಪ್ರಕಟವಾಗುವುದೆಂದು 2013ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು.

ಪ್ರಯತ್ನಗಳು ಬಹುಕಾಲ ವಿಫಲವಾದುವು. 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧವನ್ನು ಕೊಟ್ಟಾಗ ಕೆಲವರಿಗೆ ಇನ್ಸುಲಿನ್ ಬೇಡವಾಯಿತು. ಆದರೆ ಅದು ಮೂತ್ರಪಿಂಡಗಳನ್ನು ಕೆಡಿಸುವಂತಹದು, ನಿಲ್ಲಿಸಿದೊಡನೆ ರೋಗವು ಮರಳುತ್ತಿದ್ದಿತು. ಅನಂತರ ಅಮೆರಿಕದಲ್ಲಿ ರೋಗಿಗಳ ಬಂಧುಗಳಾದ 84,228 ಮಂದಿಯ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ 339 ಮಂದಿಯನ್ನು ಆರಿಸಿ, ಅರ್ಧದಷ್ಟು ಜನರಿಗೆ ಮುಂಚಿತವಾಗಿಯೇ ಅಲ್ಪಪ್ರಮಾಣದ ಇನ್ಸುಲಿನ್ ಕೊಟ್ಟು ನೋಡಿದರು. 2002ರಲ್ಲಿ ಫಲವು ಪ್ರಕಟವಾಯಿತು: ಕೊಟ್ಟವರಿಗೂ ಕೊಡದವರಿಗೂ ಅಂತರವಿಲ್ಲ. ಯೂರೋಪಿನಲ್ಲಿ 552 ಮಂದಿಯ ಮೇಲೆ ನಡೆದ ನಿಕೋಟಿನಮೈಡ್ ಪ್ರಯೋಗಕ್ಕೂ 2004ರಲ್ಲಿ ಅದೇ ಗತಿಯಾಯಿತು. ಸೋತುದನ್ನು ಮರೆಮಾಡದೆ ಅಚ್ಚುಹಾಕಿಸಿದ ಈ ಪಂಡಿತರ ಸತ್ಯನಿಷ್ಠೆಯು ಶ್ಲಾಘ್ಯವಾದುದು.

ಮೊದಲ ಜಯವು ಟೆಪ್ಲಿಜುಮ್ಯಾಬ್ ಎಂಬ ಔಷಧದಿಂದ ಬಂದಿತು. ಇದು ಟಿ-ಕಣಗಳ ಮೈಮೇಲಣ ಸಿಡಿ-3 ಎಂಬ ಗುರುತನ್ನು ಹಿಡಿದುಕೊಂಡು ಅವುಗಳ ಉಗ್ರತೆಯನ್ನು ಕುಗ್ಗಿಸುವ, ಕೃತಕವಾಗಿ ತಯಾರಿಸಿದ ಪ್ರತಿಕಾಯ. ಪ್ರತಿಕಾಯಗಳು ಕಂಡು, ಸಕ್ಕರೆಯಲ್ಲಿಯೂ ಏರುಪೇರು ತೋರಿ, ಆದರೂ ಇನ್ನೂ ರೋಗಿಗಳಾಗದಿದ್ದ 76 ಮಂದಿ ಬಂಧುಗಳನ್ನು, ಬಹುಪಾಲು ಮಕ್ಕಳನ್ನು, ಚೀಟಿ ಎತ್ತಿದಂತೆ ಇಬ್ಭಾಗಮಾಡಿದರು. 44 ಮಂದಿಗೆ ಹದಿನಾಲ್ಕು ದಿನ ರಕ್ತನಾಳದ ಮೂಲಕ ಔಷಧ. 32 ಮಂದಿಗೆ ಹುಸಿಮದ್ದು. 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ ಔಷಧ ಪಡೆದವರಲ್ಲಿ 19 ಮಂದಿಗೂ ಪಡೆಯದವರಲ್ಲಿ 23 ಮಂದಿಗೂ ರೋಗವು ಬಂದಿದ್ದಿತು. ರೋಗಾರಂಭದ ಮಧ್ಯಮ ಕಾಲವು ಒಂದು ಪಕ್ಷದಲ್ಲಿ ಸುಮಾರು 48 ತಿಂಗಳು, ಇನ್ನೊಂದರಲ್ಲಿ 24. 2022ರ ನವೆಂಬರಿನಲ್ಲಿ ಅಮೆರಿಕದ ಔಷಧಾಡಳಿತವು ಎಂಟು ವರ್ಷಕ್ಕೆ ಮೇಲ್ಪಟ್ಟ, ಇದೇ ಅವಸ್ಥೆಯಲ್ಲಿರುವವರಿಗೆ ಇದನ್ನು ಕೊಡಲು ಒಪ್ಪಿತು.

ಇಲ್ಲಿ ವಿವೇಕಿಗಳು ಕೇಳುವ ಆಕ್ಷೇಪವೊಂದುಂಟು. ಆಡಿಕೊಂಡಿರುವ, ನೋಡಲು ಆರೋಗ್ಯವಂತನಾದ ಮಗುವಿಗೆ ಕೆಲಕಾಲ ರಕ್ತದ ಬಿಳಿಯ ಕಣಗಳನ್ನು ಕಡಮೆಮಾಡುವ, ಮೈಮೇಲೆ ಗುಳ್ಳೆ ಎಬ್ಬಿಸುವ ಔಷಧವನ್ನು ಕೊಡುವುದು ಧರ್ಮವೆ? ಅದೂ ರೋಗವನ್ನು ನೀಗಿಸದೆ ಮುಂದಕ್ಕೆ ಹಾಕುವುದಕ್ಕಾಗಿ? ಪೂರ್ವಪಕ್ಷವು ಹಗುರವಾದುದಲ್ಲ. ಆದರೆ ಎಂಟು ವರ್ಷದ ಮಗುವಿಗೂ ಹನ್ನೊಂದು ವರ್ಷದ ಮಗುವಿಗೂ ಇರುವ ಅಂತರವನ್ನು ತಾಯಂದಿರು ಬಲ್ಲರು. ಮೊದಲನೆಯದು ತಲೆ ಸುತ್ತುತ್ತದೆಂದು ಹೇಳಲರಿಯದು. ಎರಡನೆಯದು ತಾನೇ ಸೂಜಿಯನ್ನು ಹಿಡಿಯಬಲ್ಲುದು, ತಿಂದುದರ ಲೆಕ್ಕವನ್ನಿಡಬಲ್ಲುದು. ಅಪಾಯವನ್ನೂ ಲಾಭವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, ಮನೆಯವರು ಒಪ್ಪಿದರೆ ಮಾತ್ರ ಕೊಡತಕ್ಕ ಔಷಧವಿದು.

ಬೆಲೆಯ ಆಕ್ಷೇಪಕ್ಕೆ ಮಾತ್ರ ಉತ್ತರ ಕಷ್ಟ. ಔಷಧವು ಮಾರಾಟಕ್ಕೆ ಬಂದಾಗ ಹದಿನಾಲ್ಕು ದಿನಗಳ ಕ್ರಮಕ್ಕೆ ನಿಗದಿಯಾದ ಬೆಲೆ 1,93,900 ಡಾಲರು! ಆಸ್ಟ್ರೇಲಿಯದಲ್ಲಿ, ಹೊಸದಾಗಿ ರೋಗ ಕಂಡ 91 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಂಧಿವಾತಕ್ಕೆ ಕೊಡುವ ಬಾರಿಸಿಟಿನಿಬ್ ಎಂಬ ಗುಳಿಗೆಯೂ ಉಳಿದ ಬೀಟಾ ಕಣಗಳ ಕೆಲಸವನ್ನು ಕಾಪಾಡಿತು. ನುಂಗುವ ಗುಳಿಗೆಯಾದುದರಿಂದ ಇದರ ಮೇಲೆ ಹಲವರಿಗೆ ಆಸೆಯುಂಟು.

ಇಟಲಿ ದೇಶವು 2023ರಲ್ಲಿ ಮಕ್ಕಳೆಲ್ಲರ ರಕ್ತದಲ್ಲಿ ಈ ಪ್ರತಿಕಾಯಗಳನ್ನು ಹುಡುಕಿಸುವ ಕಾನೂನನ್ನೇ ಮಾಡಿತು. ಮುನ್ಸೂಚನೆಯಿದ್ದ ಮನೆಯ ಮಗುವು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುವ ಸಂಭವವು ಕಡಮೆ. ಅಂತಹ ಪರೀಕ್ಷೆಯು ಇಲ್ಲದೆಡೆಯಲ್ಲಿಯೂ ತಿಳಿದಿರತಕ್ಕುದು ಇಷ್ಟು: ಮಗುವು ಅತಿಯಾಗಿ ನೀರು ಕುಡಿದು, ಪದೇ ಪದೇ ಮೂತ್ರಕ್ಕೆ ಹೋಗಿ, ಉಂಡರೂ ಸೊರಗುತ್ತಿದ್ದರೆ ಅಂದೇ ರಕ್ತದ ಸಕ್ಕರೆಯನ್ನು ಪರೀಕ್ಷಿಸತಕ್ಕುದು. ರೋಗವು ನಿಶ್ಚಯವಾದ ಮೇಲೆ ಬೇರುನಾರುಗಳನ್ನು ನಂಬಿ ಇನ್ಸುಲಿನ್ನನ್ನು ಒಂದು ದಿನವೂ ನಿಲ್ಲಿಸಕೂಡದು. ಮೇಲೆ ಹೇಳಿದ ಹೊಸ ಔಷಧಗಳಾವುವೂ ಅದರ ಸ್ಥಾನಕ್ಕೆ ಬಂದಿಲ್ಲ.