ಮೋಟಾರಿನ ಹಿಂದಿನ ಅಚ್ಚು

ಮೋಟಾರು ತಿರುವಿನಲ್ಲಿ ಹೊರಳುವಾಗ ಹೊರಗಣ ಚಕ್ರವು ಒಳಗಣ ಚಕ್ರಕ್ಕಿಂತ ಹೆಚ್ಚು ದೂರವನ್ನು ಕ್ರಮಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಚಕ್ರವು ನೆಲವನ್ನು ಉಜ್ಜಿ ಜಾರದೆ ವಿಧಿಯಿಲ್ಲ. ಅವೆರಡೂ ಬೇರೆ ಬೇರೆ ವೇಗದಲ್ಲಿ ತಿರುಗುವಂತೆ ಫ್ರಾನ್ಸಿನ ಒನೆಸಿಫೋರ್ ಪೆಕರ್ 1827ರಲ್ಲಿ ಉಗಿಬಂಡಿಗಾಗಿ ಯೋಜಿಸಿದ ಹಲ್ಲುಚಕ್ರಗಳ ಕೂಟವೇ ಡಿಫರೆನ್ಷಿಯಲ್.

ಅದನ್ನು ಬಿಚ್ಚುವುದು ಸುಲಭ, ಜೋಡಿಸುವುದೇ ಕಷ್ಟ. ಎಂಜಿನ್ನಿನ ಬಲವನ್ನು ತರುವ ಚಿಕ್ಕ ಪಿನಿಯನ್ನೂ ಅದು ತಿರುಗಿಸುವ ದೊಡ್ಡ ಕ್ರೌನ್ ಚಕ್ರವೂ ಒಂದನ್ನೊಂದು ಕೂಡಬೇಕು, ಒತ್ತಬಾರದು. ಹಲ್ಲುಗಳ ನಡುವೆ ಬಿಡುವ ಎಡೆಯು ಅನೇಕ ಕಾರುಗಳಲ್ಲಿ ಅಂಗುಲದ ಸಾವಿರದಲ್ಲಿ 6ರಿಂದ 8 ಭಾಗ ಮಾತ್ರ. ಕಡಮೆಯಾದರೆ ಹಲ್ಲುಗಳು ಕಾದು ಸವೆಯುವುವು. ಹೆಚ್ಚಾದರೆ ಬಡಿದುಕೊಂಡು ಮುರಿಯಬಹುದು. ಆದುದರಿಂದ ಕುಶಲನಾದ ಮೇಸ್ತ್ರಿಯು ಹಲ್ಲುಗಳಿಗೆ ಬಣ್ಣ ಸವರಿ, ಚಕ್ರವನ್ನು ಕೈಯಿಂದ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡುವನು. ತುದಿಗೋ ಬುಡಕ್ಕೋ ಸರಿದಿದ್ದರೆ ಪಿನಿಯನ್ನಿನ ಹಿಂದಿನ ತೆಳುಬಿಲ್ಲೆಯನ್ನು ಬದಲಿಸುವನು. ಮತ್ತೆ ಬಣ್ಣ, ಮತ್ತೆ ಪರೀಕ್ಷೆ.

ಹೊರಗೆ ಕಾದು ಕುಳಿತ ನಾವು ಅವನನ್ನು ಅವಸರಪಡಿಸುತ್ತೇವೆ, ಕೂಲಿಗೆ ಚೌಕಾಸಿ ಮಾಡುತ್ತೇವೆ. ಆದರೆ ಘಟ್ಟದ ದಾರಿಯಲ್ಲಿ ನಮ್ಮ ಮಡದಿಮಕ್ಕಳನ್ನು ಹೊತ್ತು ಸಾಗುವ ಬಂಡಿಗೆ ಆಧಾರ, ಕಣ್ಣಿಗೆ ಕಾಣದ ಆ ಎಡೆ ಮತ್ತು ಅದನ್ನು ಅಳೆದವನ ತಾಳ್ಮೆ. ಅವನು ಕೇಳುವ ಇನ್ನೊಂದು ಗಳಿಗೆಯನ್ನು ಸಂತೋಷದಿಂದ ಕೊಡೋಣ.