‘ವಯಸ್ಸಾಯ್ತು’ ಅನ್ನೋದು ಕಾಯಿಲೆಯ ಹೆಸರಲ್ಲ

ವೀಕ್ಷಕರೇ, ಇವತ್ತು ಮಾರ್ಚ್ 24, ವಿಶ್ವ ಕ್ಷಯರೋಗ ದಿನ. 1882ರಲ್ಲಿ ಇದೇ ದಿನ ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದ. ಶತ್ರು ಯಾರು ಅಂತ ಗೊತ್ತಾಗಿ ಇಷ್ಟು ವರ್ಷ ಆದರೂ, ನಮ್ಮ ಮನೆಯೊಳಗೇ ಅವನು ಬಂದು ಕೂತರೆ ನಮಗೆ ಗುರುತು ಸಿಗಲ್ಲ. ಯಾಕೆ?

ಟಿಬಿ ಅಂದ ತಕ್ಷಣ ಕಣ್ಣ ಮುಂದೆ ಬರೋದು ಹಳೇ ಸಿನಿಮಾ ದೃಶ್ಯ. ಬಿಡದ ಕೆಮ್ಮು, ಕರ್ಚೀಫು, ಅದರಲ್ಲಿ ರಕ್ತ. ಈ ಚಿತ್ರ ಪೂರ್ತಿ ಸುಳ್ಳಲ್ಲ. ಹರೆಯದವರಲ್ಲಿ ಕ್ಷಯ ಹೆಚ್ಚಾಗಿ ಸದ್ದು ಮಾಡಿಕೊಂಡೇ ಬರುತ್ತೆ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಕೆಲವರಿಗೆ ಕಫದಲ್ಲಿ ರಕ್ತ.

ಆದರೆ ಎಪ್ಪತ್ತು ದಾಟಿದ ಅಜ್ಜ-ಅಜ್ಜಿಯರಲ್ಲಿ? ಎಷ್ಟೋ ಸಲ ಜ್ವರವೇ ಇರಲ್ಲ, ರಕ್ತವೂ ಇಲ್ಲ. ಊಟ ಸೇರಲ್ಲ. ಕೈಬಳೆ ಸಡಿಲ ಆಗುತ್ತೆ. ಸುಸ್ತು, ಕೆಲವರಿಗೆ ಮಂಕು. ಕೆಮ್ಮಿದ್ದರೂ ಬೀಡಿ ಕೆಮ್ಮು, ಅಸ್ತಮಾ ಅಂತ ಲೆಕ್ಕ. ಮನೆಮಂದಿಯ ತೀರ್ಪು ಒಂದೇ: ‘ವಯಸ್ಸಾಯ್ತಲ್ಲ.’

ನೋಡಿ, ಜ್ವರ ಅನ್ನೋದು ರೋಗಾಣುವಿನ ವಿರುದ್ಧ ದೇಹ ನಡೆಸುವ ಕಾದಾಟದ ಗುರುತು. ಇಳಿವಯಸ್ಸಿನಲ್ಲಿ ಕಾದಾಡುವ ಶಕ್ತಿಯೇ ಕುಗ್ಗಿರುತ್ತೆ, ಹಾಗಾಗಿ ಸದ್ದೂ ಕಡಿಮೆ. ಯೌವನದಲ್ಲೇ ಒಳಹೊಕ್ಕು ದಶಕಗಳ ಕಾಲ ಮಲಗಿದ್ದ ರೋಗಾಣು ಮುಪ್ಪು, ಸಕ್ಕರೆ ಕಾಯಿಲೆ, ಅಪೌಷ್ಟಿಕತೆ ನೋಡಿಕೊಂಡು ಎದ್ದು ಕೂರುತ್ತೆ. ಹರೆಯದವರ ಎಕ್ಸ್‌ರೇಯಲ್ಲಿ ಕಲೆ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಂಡರೆ, ಹಿರಿಯರಲ್ಲಿ ಕೆಳಭಾಗದಲ್ಲೂ ಕಾಣಿಸಿ ನ್ಯುಮೋನಿಯಾ ಅನ್ನಿಸಿಬಿಡಬಹುದು. ಕೆಮ್ಮಿ ಕಫ ತೆಗೆಯುವ ತ್ರಾಣ ಇಲ್ಲದವರು ಡಬ್ಬಿಗೆ ಬರೀ ಎಂಜಲು ಉಗುಳಿದರೆ ವರದಿಯಲ್ಲಿ ‘ಟಿಬಿ ಇಲ್ಲ’ ಅಂತ ಬರಬಹುದು.

ಹೀಗೆ ತಿಂಗಳುಗಟ್ಟಲೆ ತಡವಾದರೆ ಹಿರಿಜೀವಕ್ಕೆ ಕುತ್ತು. ಅಷ್ಟೇ ಅಲ್ಲ, ಅದೇ ಅಜ್ಜನ ತೊಡೆ ಮೇಲೆ ಮೊಮ್ಮಗು ಕೂತಿರುತ್ತೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಬಿ ತಗುಲಿದರೆ ಮಿದುಳಿನ ಪೊರೆವರೆಗೂ ಹೋಗಬಹುದು.

ಹಾಗಾದ್ರೆ ಏನು ಮಾಡಬೇಕು? ಕಾರಣವಿಲ್ಲದೆ ಹಿರಿಯರ ತೂಕ ಇಳಿಯುತ್ತಿದ್ದರೆ ಎಕ್ಸ್‌ರೇ, ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಯೂ ಉಚಿತ, ಔಷಧವೂ ಉಚಿತ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಇದ್ದ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು, ನಡುವೆ ನಿಲ್ಲಿಸೋ ಹಾಗಿಲ್ಲ. ಟಿಬಿ ಮಾತ್ರೆ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆಗಳ ಬಲ ಕುಗ್ಗಿಸುತ್ತೆ. ಲಿವರ್‌ಗೂ ತೊಂದರೆ ಕೊಡಬಹುದು. ಹಿರಿಯರು ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ರೋಗ ಖಚಿತವಾದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ.

ಊರಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತ ಎಲ್ಲರೂ ಕೇಳ್ತೀವಿ. ಇವತ್ತು ಇನ್ನೊಂದು ಮಾತು ಸೇರಿಸಿ ಕೇಳಿ: ‘ಊಟ ಸೇರ್ತಿದ್ಯಾ ಅಪ್ಪ? ತೂಕ ಎಷ್ಟಿದೆ?’