ಹತ್ತಿ ಹಾಸಿಗೆ, ಕರಿ ಕಂಬಳಿ

ಹಾಸಿಗೆ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಅದನ್ನು ಅಂಗೈಯಿಂದ ಒತ್ತಿ ನೋಡುತ್ತಾರೆ. ಮೆತ್ತಗಿದ್ದಷ್ಟೂ ಒಳ್ಳೆಯ ನಿದ್ದೆ ಎಂಬ ನಂಬಿಕೆ ಅವರದು. ನಿದ್ದೆಯ ಸುಖವನ್ನು ಅದಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಬಿಸಿ ಮತ್ತು ತೇವ. ಮಲಗುವ ಹೊತ್ತಿಗೆ ದೇಹದ ಒಳಗಿನ ಉಷ್ಣತೆ ಇಳಿಯತೊಡಗುತ್ತದೆ. ರಾತ್ರಿಯಲ್ಲಿ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯಾಗುತ್ತದೆ. ಆ ಶಾಖವನ್ನು ಚರ್ಮ ಹೊರಗೆ ಬಿಡಬೇಕು. ಬೆವರು ಕಣ್ಣಿಗೆ ಕಾಣದಿದ್ದಾಗಲೂ ಮೈಯಿಂದ ಆವಿ ಹೋಗುತ್ತಲೇ ಇರುತ್ತದೆ. ಹಾಸಿಗೆ, ಹೊದಿಕೆಗಳು ಅದನ್ನು ಹೀರಿ ಆಚೆಗೆ ದಾಟಿಸದಿದ್ದರೆ ಬೆಳಗಿನವರೆಗೆ ಮಗ್ಗುಲು ಬದಲಿಸುವುದೇ ಕೆಲಸವಾಗುತ್ತದೆ. ಗಾಳಿಯಲ್ಲಿ ಶೇಕಡಾ 65ರಷ್ಟು ತೇವವಿರುವಾಗ 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳುತ್ತದೆ, ಹತ್ತಿ ಸುಮಾರು 8 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಈ ಲೆಕ್ಕ ಪ್ರಯೋಗಾಲಯದಲ್ಲಿ ಸಿಗುವ ಎಷ್ಟೋ ಶತಮಾನ ಮೊದಲೇ ನಮ್ಮ ಜನ ಅದರಂತೆ ಹಾಸಿ ಹೊದ್ದು ಮಲಗುತ್ತಿದ್ದರು. ಆ ಹಾಸಿಗೆಗಳು ಮನೆಯಿಂದ ಹೊರಬಿದ್ದದ್ದು ಅವುಗಳಲ್ಲಿ ನಿದ್ದೆ ಬಾರದ್ದಕ್ಕಲ್ಲ. ಅವುಗಳನ್ನು ಸರಿಯಾಗಿ ಇಡುತ್ತಿದ್ದ ಕಸುಬು ನಮ್ಮ ಬೀದಿಗಳಿಂದ ಮರೆಯಾಯಿತು. ಇಂದು ನಾನು ಹೇಳಹೊರಟಿರುವುದು ಇದನ್ನೇ.

ಏನನ್ನು ತುಂಬಬೇಕು ಎಂಬ ಯೋಚನೆ ಬಹಳ ಹಳೆಯದು. ಬೌದ್ಧ ವಿನಯಪಿಟಕದಲ್ಲಿ ಭಿಕ್ಷುಗಳ ತಲೆದಿಂಬಿಗೆ ಮೂರು ಬಗೆಯ ಅರಳೆಗೆ ಅನುಮತಿಯಿದೆ: ಮರದ್ದು, ಬಳ್ಳಿಯದು, ಹುಲ್ಲಿನದು. ಸಂಸಾರ ಬಿಟ್ಟವರಿಗೂ ತಲೆಯಡಿ ಏನಿರಬೇಕೆಂದು ನಿಯಮ ಮಾಡಬೇಕಾಯಿತು. ಇನ್ನೊಂದು ತುದಿಯಲ್ಲಿ, 12ನೇ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಶಯ್ಯಾಭೋಗಕ್ಕೇ ಒಂದು ಭಾಗ ಮೀಸಲಾಗಿದೆ. ಹಂಸದ ಗರಿ, ಹತ್ತಿ ಮೊದಲಾದವುಗಳ ಹಾಸಿಗೆಗಳು ಅಲ್ಲಿವೆ. ಯಾವ ಋತುವಿಗೆ ಯಾವುದು ಹಿತ ಎಂಬ ವಿಚಾರವೂ ಇದೆ. ಅರಮನೆಯ ಭೋಗವನ್ನು ನಾವು ಅನುಸರಿಸಬೇಕಿಲ್ಲ. ಆದರೆ ವರ್ಷವಿಡೀ ಒಂದೇ ಹಾಸಿಗೆ ಸಾಲದು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಬರಹಕ್ಕಿಳಿದಿತ್ತು ಎಂಬುದನ್ನು ಗಮನಿಸಬೇಕು.

ಬಡವರ ಋತುಜ್ಞಾನ ಕಂಬಳಿಯಲ್ಲಿದೆ. ಡೆಕ್ಕನಿ ಕುರಿಯ ಕರಿ ಉಣ್ಣೆಯನ್ನು ಕುರುಬರು ಕತ್ತರಿಸಿ, ನೂತು, ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಈ ವ್ಯಾಪಾರಕ್ಕೆ ಹೆಸರಾದ ಊರು. ಗಂಜಿ ಹಾಕಿದ ಒತ್ತು ನೇಯ್ಗೆಯ ಮೇಲೆ ಬಿದ್ದ ಹನಿ ಬೇಗ ಒಳಗಿಳಿಯುವುದಿಲ್ಲ. ಕುರಿಗಾಹಿ ಮಳೆಯಲ್ಲಿ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ರಾತ್ರಿ ಅದನ್ನೇ ಹಾಸಿ ಹೊದ್ದು ಬಯಲಲ್ಲಿ ಮಲಗಬಲ್ಲ. ಉಣ್ಣೆಗೆ ಇನ್ನೊಂದು ಗುಣವೂ ಇದೆ: ಆವಿಯನ್ನು ಹೀರುವಾಗ ಅದು ತುಸು ಶಾಖ ಬಿಡುತ್ತದೆ, ಸಾಕಷ್ಟು ತೇವ ಹಿಡಿದ ಮೇಲೂ ಒದ್ದೆ ಅನ್ನಿಸುವುದಿಲ್ಲ. ಬಿಸಿಲೇ ಕಾಣದ ಮಲೆನಾಡಿನ ಆಷಾಢದಲ್ಲಿ ಹತ್ತಿ ಹಾಸಿಗೆ ತಣ್ಣಗಾಗಿ ಮುಗ್ಗಲು ವಾಸನೆ ಹಿಡಿಯುತ್ತದೆ. ಅಲ್ಲಿ ಕಂಬಳಿಯೇ ಸರಿ. ಚುಚ್ಚುತ್ತದಲ್ಲ ಎನ್ನುವವರ ಮಾತು ನಿಜ. ಡೆಕ್ಕನಿ ಉಣ್ಣೆಯ ಎಳೆ ದಪ್ಪ, ಅದರ ತುದಿ ಬಾಗದೆ ಚರ್ಮಕ್ಕೆ ಒತ್ತುತ್ತದೆ. ಕಂಬಳಿಗೂ ಮೈಗೂ ನಡುವೆ ಒಂದು ಹತ್ತಿ ದುಪ್ಪಟಿ ಇದ್ದರೆ ಆ ತೊಂದರೆ ಮುಗಿಯಿತು.

ಬಯಲುಸೀಮೆಯ ಮುಖ್ಯ ಹಾಸಿಗೆ ಮಾತ್ರ ಹತ್ತಿಯದೇ, ಉತ್ತರ ಕರ್ನಾಟಕದವರು ಗಾದಿ ಎನ್ನುವುದು. ಅದರ ಜೀವ ಇದ್ದದ್ದು ಪಿಂಜಾರರ ಕೈಯಲ್ಲಿ. ನದಾಫರೆಂದೂ ಕರೆಯಲಾಗುವ ಈ ಜನ ದೊಡ್ಡ ಬಿಲ್ಲು ಹೊತ್ತು ಬೀದಿಬೀದಿ ತಿರುಗುತ್ತಿದ್ದರು. ಬಿಲ್ಲಿನ ಬಿಗಿದ ಹುರಿಯನ್ನು ಹತ್ತಿಯ ರಾಶಿಯಲ್ಲಿಟ್ಟು ಮರದ ಕೊಡತಿಯಿಂದ ಹೊಡೆದಾಗ ಹುರಿ ಅದುರಿ, ಗಂಟುಗಟ್ಟಿದ ಅರಳೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಧೂಳು, ಬೀಜದ ಚೂರು ಉದುರುತ್ತವೆ, ಎಳೆಗಳ ನಡುವೆ ಮತ್ತೆ ಗಾಳಿ ಸೇರುತ್ತದೆ. ಈ ಗಾಳಿಯೇ ಹಾಸಿಗೆಯ ಮೃದುತನ. ಮಲಗಿ ಮಲಗಿ ಹತ್ತಿ ಕುಸಿದು ಗಟ್ಟಿಯಾಗುವುದು ಅದರ ಸ್ವಭಾವ. ವರ್ಷಕ್ಕೋ ಎರಡು ವರ್ಷಕ್ಕೋ ಬಿಚ್ಚಿ ಹಿಂಜಿಸಿ, ಗಲೀಪು ಒಗೆದು, ಮತ್ತೆ ತುಂಬಿ ಹೊಲಿಗೆ ಹಾಕಿದರೆ ಅದೇ ಹತ್ತಿ ಬಹುಕಾಲ ಬಾಳುತ್ತದೆ. ಆದರೆ ಈ ಕಸುಬಿನ ಬೆಲೆಯನ್ನು ಮರೆತು ಅದನ್ನು ಹೊಗಳುವುದು ಅನ್ಯಾಯ. ದಿನವಿಡೀ ಹತ್ತಿಯ ಧೂಳು ಕುಡಿಯುವುದು ಶ್ವಾಸಕೋಶಕ್ಕೆ ಕೆಡುಕು. ಹಿಂಜುವ ಯಂತ್ರ ಬಂದದ್ದು ಒಳ್ಳೆಯದೇ ಆಯಿತು.

ಕೌದಿಯ ಬಗ್ಗೆ ಒಂದೇ ಮಾತು: ಒಗೆದು ಒಗೆದು ಮೃದುವಾದ ಹಳೆ ಸೀರೆ, ಧೋತರಗಳನ್ನು ಪದರ ಪದರ ಸೇರಿಸಿ ಹೊಲಿದ ಈ ಹೊದಿಕೆಗಿಂತ ನಮ್ಮ ಬೇಸಿಗೆಯ ಕೊನೆಜಾವಕ್ಕೆ ತಕ್ಕದ್ದು ಬೇರೊಂದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳನ್ನು ಇಂದು ದೂರದೂರಿನವರೂ ಮೆಚ್ಚಿ ಕೊಳ್ಳುತ್ತಾರೆ.

ಬದಲಾವಣೆ ಎರಡು ಕಡೆಯಿಂದ ಬಂತು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಅವರ ಸಂಗಡಿಗರು ಪಾಲಿಯುರೆಥೇನ್ ರೂಪಿಸಿದರು, 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲಿಗೆ ಪೇಟೆಂಟ್ ಬೇಡಿದರು. ಮೊದಲನೆಯದರಿಂದ ಫೋಮ್ ಹಾಸಿಗೆ, ಎರಡನೆಯದರಿಂದ ಅಗ್ಗದ ಹಾಸು ಹೊದಿಕೆ. ಇತ್ತ ನಮ್ಮ ಹೊಲದಲ್ಲೂ ಹತ್ತಿ ಬದಲಾಯಿತು. ಗಿರಣಿಗಳಿಗೆ ಸಣ್ಣ ನೂಲಿಗಾಗಿ ಉದ್ದ ಎಳೆ ಬೇಕು, ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ತಳಿ ಆ ಬೇಡಿಕೆಗೆ ಸಿಕ್ಕ ದೊಡ್ಡ ಉತ್ತರ. ಅದು ರೈತನಿಗೆ ಬಂದ ಲಾಭ, ಅದನ್ನು ದೂರಲಾಗದು. ಆದರೆ ಹಾಸಿಗೆಗೆ ಬೇಕಾದ್ದು ಒರಟು, ಗಿಡ್ಡ ಎಳೆಯ ದೇಸಿ ಹತ್ತಿ. ಅದು ಬೇಗ ಕುಸಿಯುವುದಿಲ್ಲ. ಅದು ಕಡಿಮೆಯಾದಂತೆ ಗಿರಣಿಯ ಉಳಿಕೆ ಹತ್ತಿ ಗಾದಿಯೊಳಗೆ ಬಂತು. ಅಂಥ ಗಾದಿ ಬೇಗನೆ ಗಟ್ಟಿಯಾಯಿತು, ಜನ ಹತ್ತಿಯನ್ನೇ ಬೈದರು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಬೆನ್ನುನೋವಿಗೆ ಗಟ್ಟಿ ನೆಲವೇ ಮದ್ದು ಎನ್ನುವವರಿದ್ದಾರೆ, ಫೋಮೇ ಮದ್ದು ಎನ್ನುವವರಿದ್ದಾರೆ. ಸ್ಪೇನಿನಲ್ಲಿ ಬಹುದಿನದ ಸೊಂಟನೋವಿದ್ದ 313 ಜನರ ಮೇಲೆ ನಡೆದ ಅಧ್ಯಯನ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀರ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದರಲ್ಲಿ ಮಲಗಿದವರಿಗೆ ನೋವು ಹೆಚ್ಚಾಗಿ ತಗ್ಗಿತ್ತು. ಚೆನ್ನಾಗಿ ಹಿಂಜಿದ ಗಾದಿ, ಅಥವಾ ರಬ್ಬರ್ ಹಾಲಿನಲ್ಲಿ ಕಟ್ಟಿದ ತೆಂಗಿನ ನಾರಿನ ಮೇಲೆ ತೆಳುವಾದ ಹತ್ತಿ ಹಾಸಿಗೆ ಹೆಚ್ಚುಕಡಿಮೆ ಆ ಮಧ್ಯಮಕ್ಕೇ ಬರುತ್ತದೆ. ಹಿಂಜಿಸದೆ ವರ್ಷಗಟ್ಟಲೆ ಬಿಟ್ಟ ಗಾದಿ ಬರುವುದಿಲ್ಲ, ಅದನ್ನು ನಾನು ಸಮರ್ಥಿಸುವುದಿಲ್ಲ. ಹತ್ತಿಯಲ್ಲಿ ಧೂಳುಹುಳ ಸೇರುತ್ತದೆ ಎಂಬುದು ಎರಡನೆಯ ಆಕ್ಷೇಪ. ಆ ಹುಳಕ್ಕೆ ಆಹಾರ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು, ಆಸರೆ ತೇವ; ನಾರು ಯಾವುದಾದರೂ ಅದು ಬದುಕುತ್ತದೆ. ಹತ್ತಿಯ ಹಾಸನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬಹುದು, ಹುಳ ಸಾಯುತ್ತದೆ. ಗಾದಿಯನ್ನು ಬಿಸಿಲಿಗೆ ಹಾಕಿ ತೇವ ತೆಗೆಯಬಹುದು. ಮೂರನೆಯದು ಸಮಯದ್ದು, ಇದೇ ನಿಜವಾದ ಆಕ್ಷೇಪ. ಫ್ಲಾಟಿನಲ್ಲಿರುವ ದುಡಿಯುವ ದಂಪತಿ ಭಾರದ ಗಾದಿಯನ್ನು ಮಹಡಿಗೆ ಹೊರುವುದು ಹೇಗೆ? ಅವರು ಕೆಳಗಿನ ಹಾಸಿಗೆ ಯಾವುದಾದರೂ ಇಟ್ಟುಕೊಂಡು, ಮೈಗೆ ತಾಗುವ ಹಾಸು, ದಿಂಬಿನ ಗಲೀಪು, ಹೊದಿಕೆ ಇವಿಷ್ಟನ್ನಾದರೂ ಅಪ್ಪಟ ಹತ್ತಿಯದಾಗಿ ತಂದರೆ ಲಾಭದ ಬಹುಪಾಲು ಸಿಕ್ಕಂತೆಯೇ. ದಿಂಬಿಗೆ ಬೂರುಗದ ಹತ್ತಿ ಒಳ್ಳೆಯದು: ಅದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ, ಹಾಗಾಗಿ ಹಗುರ.

ಕೊಳ್ಳುವಾಗ ಹೊಳಪು ನೋಡಬೇಡಿ. ಅಂಚಿನಿಂದ ಎರಡು ಎಳೆ ಕಿತ್ತು ಜೋಪಾನವಾಗಿ ಕಡ್ಡಿ ಗೀರಿ ಸುಟ್ಟು ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ನುಣ್ಣನೆಯ ಬೂದಿ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಅಟ್ಟದ ಮೇಲೆ ಹಳೆಯ ಗಾದಿ ಇದ್ದರೆ ಎಸೆಯುವ ಮೊದಲು ನಿಮ್ಮ ಊರಿನಲ್ಲಿ ಹತ್ತಿ ಹಿಂಜುವ ಅಂಗಡಿ ಎಲ್ಲಿದೆ ಎಂದು ವಿಚಾರಿಸಿ, ಅಲ್ಲಿಗೆ ಒಯ್ದು ಕೊಡಿ.